ಕ್ಯಾಮೆರಾ ಎಲ್ಲಿ ನಿಂತಿದೆ?

ರಾತ್ರಿಯ ಅಡುಗೆ ಮುಗಿಸಿ ಟಿ.ವಿ. ಮುಂದೆ ಕೂತಿದ್ದೀರಿ. ಧಾರಾವಾಹಿಯ ಅತ್ತೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳುತ್ತಾಳೆ. ಕೂಡಲೇ ಪರದೆ ತುಂಬ ಸೊಸೆಯ ಮುಖ. ನಂತರ ಮಾವನ ಮುಖ, ನಾದಿನಿಯ ಮುಖ, ಪುನಃ ಸೊಸೆಯ ಮುಖ. ಯಾರೂ ತುಟಿ ಬಿಚ್ಚುವುದಿಲ್ಲ. ಆದರೂ ನಿಮ್ಮ ಎದೆ ಹೊಡೆದುಕೊಳ್ಳುತ್ತದೆ. ಏನಾಯಿತು? ಏನೂ ಆಗಿಲ್ಲ. ಕ್ಯಾಮೆರಾ ಹತ್ತಿರ ಬಂತು, ಅಷ್ಟೆ.

ನಾವು ಕತೆ ನೋಡುತ್ತೇವೆ, ನಟರನ್ನು ನೋಡುತ್ತೇವೆ. ಕ್ಯಾಮೆರಾ ಎಲ್ಲಿ ನಿಂತಿದೆ ಎಂದು ಮಾತ್ರ ನೋಡುವುದಿಲ್ಲ. ಆದರೆ ನಾವು ಯಾರಿಗಾಗಿ ಮರುಗಬೇಕು, ಯಾರಿಗೆ ಹೆದರಬೇಕು ಎಂಬುದನ್ನು ಬಹಳಷ್ಟು ಸಲ ಅದೇ ತೀರ್ಮಾನಿಸುತ್ತದೆ.

ಇದರ ಮೊದಲ ಪಾಠ ಸುಲಭ. ದೂರದಿಂದ ತೆಗೆದ ಲಾಂಗ್ ಶಾಟ್‌ನಲ್ಲಿ ಮನುಷ್ಯ ಚಿಕ್ಕವನಾಗುತ್ತಾನೆ, ಅವನ ಸುತ್ತಲಿನ ಲೋಕ ದೊಡ್ಡದಾಗುತ್ತದೆ. ಕ್ಲೋಸಪ್‌ನಲ್ಲಿ ಲೋಕ ಮಾಯವಾಗಿ ಒಂದು ಮುಖ ಮಾತ್ರ ಉಳಿಯುತ್ತದೆ. ಮೇಲಿನಿಂದ ತೆಗೆದರೆ ವ್ಯಕ್ತಿ ದುರ್ಬಲನಾಗಿ ಕಾಣುತ್ತಾನೆ, ಕೆಳಗಿನಿಂದ ತೆಗೆದರೆ ಬಲಿಷ್ಠನಾಗಿ. ಕಣ್ಣಿನ ಮಟ್ಟದಲ್ಲಿ ತೆಗೆದರೆ ನಮ್ಮ ಸಮಾನನಾಗಿ ಎದುರು ನಿಲ್ಲುತ್ತಾನೆ.

ಹಾಗೆಂದು ಇದು ಗಣಿತದ ಸೂತ್ರವಲ್ಲ. ಆರ್ಸನ್ ವೆಲ್ಸ್‌ನ 1941ರ ‘ಸಿಟಿಜನ್ ಕೇನ್’ ಚಿತ್ರದಲ್ಲಿ ನಾಯಕ ಚುನಾವಣೆ ಸೋತ ರಾತ್ರಿಯ ದೃಶ್ಯವಿದೆ. ಅಲ್ಲಿ ಕ್ಯಾಮೆರಾವನ್ನು ಎಷ್ಟು ಕೆಳಗೆ ಇಟ್ಟರೆಂದರೆ ಸ್ಟುಡಿಯೋದ ನೆಲವನ್ನೇ ಕತ್ತರಿಸಬೇಕಾಯಿತು. ಸೋತವನು ಬೃಹತ್ತಾಗಿ ಕಾಣುತ್ತಾನೆ, ಆದರೆ ಅವನ ತಲೆಯ ಮೇಲೆ ಛಾವಣಿ ಕವಿದು ಕೂತಿದೆ. ದೊಡ್ಡ ಮನುಷ್ಯ, ಅಷ್ಟೇ ದೊಡ್ಡ ಸೋಲು.

ಮಕ್ಕಳೊಂದಿಗೆ ಕೂತು ಈ ವಿದ್ಯೆ ಕಲಿಯಲು ಒಂದು ಒಳ್ಳೆಯ ಚಿತ್ರವಿದೆ. ಇರಾನಿನ ಮಜೀದ್ ಮಜೀದಿ 1997ರಲ್ಲಿ ತೆಗೆದ ‘ಚಿಲ್ಡ್ರನ್ ಆಫ್ ಹೆವನ್’. ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಇರಾನಿ ಚಿತ್ರ ಅದು. ಕತೆ ಇಷ್ಟೇ: ರಿಪೇರಿಗೆ ಒಯ್ದ ತಂಗಿ ಝಹ್ರಾಳ ಶೂಗಳನ್ನು ಅಣ್ಣ ಅಲಿ ಕಳೆದುಕೊಳ್ಳುತ್ತಾನೆ. ಮನೆಯಲ್ಲಿ ಬಡತನ. ತಂದೆಗೆ ಹೇಳುವ ಧೈರ್ಯವಿಲ್ಲ. ಇರುವ ಒಂದೇ ಜೊತೆ ಶೂಗಳನ್ನು ಇಬ್ಬರೂ ಸರದಿಯಲ್ಲಿ ತೊಟ್ಟು ಶಾಲೆಗೆ ಹೋಗುತ್ತಾರೆ.

ಚಿತ್ರ ಶುರುವಾಗುವುದು ಹರಿದ ಪುಟ್ಟ ಗುಲಾಬಿ ಶೂವನ್ನು ಹೊಲಿಯುವ ಕೈಗಳ ಕ್ಲೋಸಪ್‌ನಿಂದ. ಯಾರ ಮುಖವೂ ಕಾಣುವ ಮೊದಲೇ ಆ ಶೂ ನಮಗೆ ಆಪ್ತವಾಗಿಬಿಡುತ್ತದೆ. ಅದು ಕಳೆದಾಗ ನಮ್ಮದೇ ಏನೋ ಕಳೆದಂತೆ ಅನಿಸುವುದು ಅದಕ್ಕೇ. ಮುಂದೆ ಝಹ್ರಾ ಶಾಲೆಯಲ್ಲಿ ನಿಂತು ಬೇರೆ ಹುಡುಗಿಯರ ಕಾಲುಗಳನ್ನೇ ನೋಡುತ್ತಾಳೆ. ಕ್ಯಾಮೆರಾ ಅವಳ ಕಣ್ಣಾಗುತ್ತದೆ. ಶೂ ಇಲ್ಲದ ಮಗುವಿಗೆ ಲೋಕವೆಲ್ಲ ಶೂಗಳಾಗಿ ಕಾಣುವುದನ್ನು ಒಂದು ಮಾತೂ ಇಲ್ಲದೆ ನಾವು ಅನುಭವಿಸುತ್ತೇವೆ.

ಕೊನೆಯಲ್ಲಿ ಅಲಿ ಓಟದ ಸ್ಪರ್ಧೆಗೆ ಸೇರುತ್ತಾನೆ. ಅವನಿಗೆ ಬೇಕಾದದ್ದು ಮೂರನೆಯ ಬಹುಮಾನ, ಏಕೆಂದರೆ ಅದರಲ್ಲಿ ಶೂಗಳಿವೆ. ಆದರೆ ಮೊದಲಿಗನಾಗಿಬಿಡುತ್ತಾನೆ! ಎಲ್ಲರೂ ಸಂಭ್ರಮಿಸುವಾಗ ಕ್ಯಾಮೆರಾ ಅವನ ಅಳುವ ಮುಖದ ಬಳಿ ನಿಲ್ಲುತ್ತದೆ. ಬೇರೆ ನಿರ್ದೇಶಕನಾಗಿದ್ದರೆ ಅವನನ್ನು ಕೆಳಗಿನಿಂದ ತೋರಿಸಿ ವೀರನನ್ನಾಗಿ ಮಾಡುತ್ತಿದ್ದನೇನೋ. ಅನಂತರ ತಂದೆಯ ಸೈಕಲ್ಲಿನಲ್ಲಿ ಹೊಸ ಶೂಗಳನ್ನು ನಮಗೊಮ್ಮೆ ತೋರಿಸಲಾಗುತ್ತದೆ. ಅದು ಮಕ್ಕಳಿಗೆ ಇನ್ನೂ ಗೊತ್ತಿಲ್ಲ. ಅಲಿ ಅಂಗಳದ ಕೊಳದಲ್ಲಿ ಬೊಬ್ಬೆ ಎದ್ದ ಪಾದಗಳನ್ನು ಇಳಿಬಿಡುತ್ತಾನೆ, ಮೀನುಗಳು ಬಂದು ಸುತ್ತುವರಿಯುತ್ತವೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ. ಮಕ್ಕಳು ಶೂ ತೊಡುವುದನ್ನು ತೋರಿಸುವುದೇ ಇಲ್ಲ. ಆ ಸಂತೋಷವನ್ನು ನಮ್ಮ ಮನಸ್ಸಿಗೆ ಬಿಟ್ಟಿದ್ದಾರೆ.

ಇಲ್ಲಿಯವರೆಗೆ ಕಲೆಯ ಮಾತಾಯಿತು. ಆದರೆ ಇದೇ ವಿದ್ಯೆ ವಾರ್ತೆಯಲ್ಲೂ ಇದೆ, ಮೊಬೈಲಿಗೆ ಬರುವ ವೀಡಿಯೋದಲ್ಲೂ ಇದೆ. ಐವತ್ತು ಮಂದಿಯ ಗುಂಪನ್ನು ಒಳಗೆ ನಿಂತು ತೆಗೆದರೆ ಜನಸಾಗರ. ಅದನ್ನೇ ಮಹಡಿಯಿಂದ ತೆಗೆದರೆ ಖಾಲಿ ಮೈದಾನ. ರಷ್ಯಾದ ಲೆವ್ ಕುಲೆಶೋವ್ ಸುಮಾರು ಒಂದು ಶತಮಾನದ ಹಿಂದೆಯೇ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನೊಂದಿಗೆ, ಒಮ್ಮೆ ಶವಪೆಟ್ಟಿಗೆಯೊಂದಿಗೆ ಜೋಡಿಸಿ ತೋರಿಸಿದ. ನೋಡಿದವರು ಒಮ್ಮೆ ಹಸಿವನ್ನು, ಒಮ್ಮೆ ದುಃಖವನ್ನು ಕಂಡರಂತೆ. ಮುಖ ಬದಲಾಗಿರಲಿಲ್ಲ. ಪಕ್ಕದ ಚಿತ್ರ ಮಾತ್ರ ಬದಲಾಗಿತ್ತು. ಹಾಗಾದರೆ ಯಾರೋ ಒಬ್ಬರ ಮುಖದ ಪಕ್ಕದಲ್ಲಿ ಬೆಂಕಿ, ಗಲಭೆಯ ದೃಶ್ಯ ಜೋಡಿಸಿದಾಗ ನಮ್ಮ ಮನಸ್ಸಿನಲ್ಲಿ ಏನಾಗುತ್ತದೆ, ಯೋಚಿಸಿ. ಆ ಮನುಷ್ಯ ಏನನ್ನೂ ಮಾಡಿರದಿದ್ದರೂ ನಾವು ತೀರ್ಪು ಕೊಟ್ಟಾಗಿರುತ್ತದೆ.

ಇಂದು ರಾತ್ರಿ ಒಂದು ಕೆಲಸ ಮಾಡಿ. ಟಿ.ವಿ.ಯ ಧ್ವನಿ ಪೂರ್ತಿ ಇಳಿಸಿ ಐದು ನಿಮಿಷ ನೋಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ಮೂರು ಪ್ರಶ್ನೆ ಕೇಳಿ. ಕ್ಯಾಮೆರಾ ಎಲ್ಲಿದೆ? ಯಾರ ಹತ್ತಿರ ಹೋಗುತ್ತಿದೆ? ಯಾರನ್ನು ತೋರಿಸುತ್ತಿಲ್ಲ? ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಮಕ್ಕಳು ಬೇಗ ಕಲಿಯುತ್ತಾರೆ, ಬಹುಶಃ ನಮಗಿಂತಲೂ ಬೇಗ.

ಇದರಿಂದ ಸಿನಿಮಾ ನೋಡುವ ಸುಖ ಹಾಳಾಗದೇ ಎಂದು ನೀವು ಕೇಳಬಹುದು. ಹಾಳಾಗದು. ಅಲಿಯ ಪಾದಗಳ ಸುತ್ತ ಮೀನುಗಳು ಬಂದಾಗ, ಎಲ್ಲ ಗೊತ್ತಿದ್ದೂ ನಿಮ್ಮ ಕಣ್ಣು ತುಂಬುತ್ತದೆ. ಆದರೆ ಅದು ನೀವೇ ತಿಳಿದು ಕೊಟ್ಟ ಕಣ್ಣೀರು. ನಿಮ್ಮಿಂದ ಯಾರೋ ಕಸಿದುಕೊಂಡದ್ದಲ್ಲ.