ವೈಡ್ ಹಾಕುವ ಬೌಲರ್‌ಗೆ ಧೈರ್ಯ ಇಲ್ಲವೇ? ವಿಜ್ಞಾನ ಹೇಳೋದೇ ಬೇರೆ

ಆನೆಗೊಂದಿ, ಗಂಗಾವತಿ ಕಡೆ ಭತ್ತ ಕಟಾವಾದ ಗದ್ದೆಗಳಲ್ಲಿ ಟೆನಿಸ್ ಬಾಲ್ ಆಟ ನೋಡಿದವರಿಗೆ ಇಂಥ ಹುಡುಗನ ಪರಿಚಯ ಇದ್ದೇ ಇರುತ್ತದೆ. ಊರಿಗೇ ಜೋರು ಬೌಲರ್, ಆದರೆ ಓವರಿಗೆ ಮೂರು ವೈಡ್. ‘ಅವ ಹೆದರ್ತಾನ’, ‘ಸ್ಪೀಡ್ ಕಡಿಮಿ ಮಾಡು, ತಾನೇ ಸರಿ ಹೋಗ್ತದ’ ಎಂಬ ಸಲಹೆಗಳು ಬೌಂಡರಿ ಗೆರೆಯಿಂದಲೂ ಬರುತ್ತವೆ, ವಾಟ್ಸಾಪ್‌ನಿಂದಲೂ ಬರುತ್ತವೆ. ಇದರಲ್ಲಿ ನಿಜವೆಷ್ಟು?

ಲೆಕ್ಕ ಹಾಕಿ ನೋಡೋಣ. ಚೆಂಡು ಕೈಬಿಡುವ ಜಾಗದಿಂದ ಎದುರಿನ ಸ್ಟಂಪ್‌ಗೆ ಸುಮಾರು 19 ಮೀಟರ್. ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಅಲ್ಲಿ ಚೆಂಡು 33 ಸೆಂ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಮೂರೂ ಸ್ಟಂಪ್ ಸೇರಿ ಅಗಲ 22.86 ಸೆಂ.ಮೀ. ಅಷ್ಟೇ! ಇನ್ನು ಗಂಟೆಗೆ 140 ಕಿ.ಮೀ. ವೇಗದಲ್ಲಿ ಚೆಂಡು ಮೇಲೆ-ಕೆಳಗೆ ಒಂದು ಡಿಗ್ರಿ ತಪ್ಪಿದರೆ, ಅದು ನೆಲಕ್ಕೆ ಬೀಳುವ ಜಾಗ ಸುಮಾರು ಒಂದು ಮೀಟರ್ ಬದಲಾಗುತ್ತದೆ. ಅಷ್ಟು ಜೋರಾಗಿ ತಿರುಗುವ ಕೈಯಲ್ಲಿ ಒಂದು ಡಿಗ್ರಿ ಎಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಆಸುಪಾಸು. ಅದನ್ನು ಯೋಚಿಸಿ ಹಿಡಿಯಲು ಯಾರಿಂದಲೂ ಆಗದು. ಓಟ, ಜಿಗಿತ, ಮುಂಗಾಲು ಊರುವುದು ಪ್ರತಿ ಸಲ ಒಂದೇ ತಾಳದಲ್ಲಿ ಬಂದರೆ ಮಾತ್ರ ಕೈ ತಾನಾಗಿ ಅದನ್ನು ಹಿಡಿಯುತ್ತದೆ.

ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಅವರನ್ನೇ ನೋಡಿ. 2025ರ ಜೂನ್‌ನಲ್ಲಿ ಲೀಡ್ಸ್ ಟೆಸ್ಟ್‌ನಲ್ಲಿ 35 ಓವರ್‌ಗೆ 220 ರನ್ ಕೊಟ್ಟರು, ಟೀಕೆಯ ಮಳೆಯೇ ಸುರಿಯಿತು. ಆಗಸ್ಟ್ 4ಕ್ಕೆ ಮುಗಿದ ಓವಲ್ ಟೆಸ್ಟ್‌ನಲ್ಲಿ ಅವರದೇ 8 ವಿಕೆಟ್, ಭಾರತಕ್ಕೆ 6 ರನ್ ಗೆಲುವು. ಆರು ವಾರದಲ್ಲಿ ಯಾರಿಗಾದರೂ ಹೊಸದಾಗಿ ಧೈರ್ಯ ಹುಟ್ಟುತ್ತದೆಯೇ? ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೇ ಕತೆ. 1992ರ ಒಂದೇ ಋತುವಿನಲ್ಲಿ ಗುರಿ ತಪ್ಪಿ ಎಸೆದೆಸೆದು 144 ಸಲ ಬ್ಯಾಟರ್‌ಗಳನ್ನು ಪುಕ್ಕಟೆ ನಡೆಸಿ ಕಳಿಸಿದ ರ‍್ಯಾಂಡಿ ಜಾನ್ಸನ್, ಮುಂದೆ ಅತ್ಯುತ್ತಮ ಎಸೆತಗಾರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದರು.

‘ಸ್ಪೀಡ್ ಕಡಿಮೆ ಮಾಡು’ ಎನ್ನುವುದು ಅರ್ಧ ಸತ್ಯ. ನಿಧಾನವಾದರೆ ಆ ಓವರ್ ಹೇಗೋ ದಾಟಬಹುದು, ಆದರೆ ರೂಢಿಯಾದ ತಾಳವೇ ಕೆಟ್ಟರೆ ಚೆಂಡು ಇನ್ನೊಂದು ಕಡೆ ಹೋಗುತ್ತದೆ. ಗದ್ದೆಯಿಂದ ಮ್ಯಾಟ್‌ಗೆ ಹೋದ ಹುಡುಗರಿಗೆ ಇನ್ನೊಂದು ತೊಡಕು: ಟೆನಿಸ್ ಬಾಲ್ 60 ಗ್ರಾಂ ಒಳಗೆ, ಲೆದರ್ ಬಾಲ್ ಸುಮಾರು 160 ಗ್ರಾಂ. ಬೆರಳು ಅದಕ್ಕೆ ಒಗ್ಗಲು ತಿಂಗಳುಗಳೇ ಬೇಕು.

ನಮಗೆ ಹೆಚ್ಚು ಚಿಂತೆಯ ಮಾತು ಇನ್ನೊಂದಿದೆ. ‘ಲೈನ್ ಸಿಗೋತನ ಹಾಕ್ತಾನೇ ಇರು’ ಎಂದು ಹದಿನೈದರ ಹುಡುಗನಿಂದ ದಿನವೂ ಇಪ್ಪತ್ತು ಓವರ್ ಹಾಕಿಸುವುದು. ದಣಿದ ಮೈಯಲ್ಲಿ ತಾಳ ಮೊದಲು ತಪ್ಪುತ್ತದೆ, ಆಮೇಲೆ ಬೆನ್ನುಮೂಳೆಯ ಸರದಿ. ಬೆಳೆಯುವ ಮೂಳೆಗೆ ಈ ಹೊರೆ ತಾಳುವುದಿಲ್ಲ ಎಂದೇ ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ವಯಸ್ಸಿಗೆ ತಕ್ಕಂತೆ ಓವರ್ ಮಿತಿ ಹಾಕಿದೆ. ಬೌಲ್ ಮಾಡುವಾಗ ಕೆಳಬೆನ್ನಿನ ಒಂದೇ ಬದಿ ನೋಯುತ್ತಿದ್ದರೆ ಎಣ್ಣೆ ತಿಕ್ಕಿ ಮತ್ತೆ ಆಡಿಸಬೇಡಿ. ಮೂಳೆ ವೈದ್ಯರಿಗೆ ತೋರಿಸಿ. ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಎಂಆರ್‌ಐ ಬೇಕೇ ಎಂದು ನೀವೇ ಕೇಳಿ.