ಸೇತುವೆ ಬಂದಿದೆ, ಆತುರ ಬೇಡ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಗದ್ದೆ, ತೋಟ, ಕಾಡುಗಳು ನೀರಿನಡಿ ಸೇರಿದವು. ಸಾವಿರಾರು ಕುಟುಂಬಗಳು ಒಕ್ಕಲೆದ್ದವು. ಉಳಿದವರ ಪಾಲಿಗೆ ತುಮರಿ ಸೀಮೆ ದ್ವೀಪದಂತಾಯಿತು. ಸಾಗರ ಪೇಟೆಗೆ ಲಾಂಚೇ ಹತ್ತಿರದ ದಾರಿಯಾಯಿತು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಸಂಜೆ ಲಾಂಚ್ ನಿಂತ ಮೇಲೆ ರೋಗಿಯೊಡನೆ ಪರದಾಡುತ್ತಿದ್ದ ಊರುಗಳಿಗೆ ಇದು ತಡವಾಗಿ ಸಂದ ನ್ಯಾಯ.

ಆದರೆ ದೊಡ್ಡ ಬದಲಾವಣೆಯ ಕಾಲದಲ್ಲಿ ಮನಸ್ಸು ಭಯಕ್ಕೂ ಆತುರಕ್ಕೂ ಸುಲಭವಾಗಿ ವಶವಾಗುತ್ತದೆ. ಮುಳುಗಡೆಯ ದಿನಗಳಲ್ಲಿ ನೆಲ ಬಿಡುವುದೋ ಉಳಿಸಿಕೊಳ್ಳುವುದೋ ಎಂಬ ಆಯ್ಕೆ ಜನರ ಕೈಯಲ್ಲಿರಲಿಲ್ಲ. ಇಂದು ಆ ಆಯ್ಕೆಯಿದೆ. ದಾರಿಯಾದಲ್ಲಿ ನೆಲಕ್ಕೆ ಬೆಲೆ ಏರುವುದು, ಕೊಳ್ಳುವವರು ಬಾಗಿಲಿಗೆ ಬರುವುದು ಮಲೆನಾಡಿಗೆ ಹೊಸತಲ್ಲ. ಭಯಗೊಂಡವನು ಸೇತುವೆಯನ್ನೇ ಶಪಿಸುತ್ತಾನೆ. ಆತುರಗೊಂಡವನು ಕಾಗದಕ್ಕೆ ಸಹಿ ಹಾಕುತ್ತಾನೆ. ಇಬ್ಬರೂ ಯೋಚಿಸುವುದನ್ನು ನಿಲ್ಲಿಸಿರುತ್ತಾರೆ.

ಮನಸ್ಸನ್ನು ಹಿಡಿತದಲ್ಲಿಡುವುದು ಒಬ್ಬೊಬ್ಬರ ಕೆಲಸವಷ್ಟೇ ಅಲ್ಲ, ಊರಿನ ಕೆಲಸವೂ ಹೌದು. ನೆಲ ಮಾರುವ ಮುನ್ನ ಒಂದು ಮಳೆಗಾಲ ಕಾಯಬೇಕು. ಮನೆಯ ಹೆಂಗಸರ ಮಾತನ್ನೂ ಕೇಳಬೇಕು. ಬೆಟ್ಟ, ಕಾನು, ಹಳ್ಳದಂಚಿನ ವಿಷಯ ಗ್ರಾಮಸಭೆಯಲ್ಲಿ ಚರ್ಚೆಯಾಗಬೇಕು. ವಿದ್ಯಾರ್ಥಿಗಳು ಹಿರಿಯರ ಬಳಿ ಕುಳಿತು ಮುಳುಗಿದ ಊರು, ಕೆರೆ, ಕಾನುಗಳ ಹೆಸರನ್ನು ಬರೆದಿಡಬೇಕು. ಕಳೆದುಕೊಂಡದ್ದರ ಲೆಕ್ಕ ಬಲ್ಲ ಊರು ಉಳಿದದ್ದನ್ನು ಅಗ್ಗಕ್ಕೆ ಬಿಟ್ಟುಕೊಡದು.