ಸಾಲು ರಜೆಯ ಬಸ್ ದರಕ್ಕೆ ಮಿತಿ ಹಾಕಲಿ

2025ರ ದೀಪಾವಳಿಯಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ರ ಸೋಮವಾರ ಬಂತು, ಬಲಿಪಾಡ್ಯಮಿ 22ರ ಬುಧವಾರ. ಹಿಂದಿನ ಶನಿವಾರ, ಭಾನುವಾರ ಸೇರಿಸಿ ನಡುವಿನ ಮಂಗಳವಾರಕ್ಕೊಂದು ರಜೆ ಹಾಕಿದರೆ ಒಟ್ಟು ಐದು ದಿನ. ಇಂಥ ಸಾಲು ರಜೆಯ ಮುನ್ನಾದಿನ ಬೆಂಗಳೂರಿನ ಅರ್ಧ ಊರೇ ಬ್ಯಾಗು ಹಿಡಿದು ರಸ್ತೆಗೆ ಇಳಿಯುತ್ತದೆ. ಮೆಜೆಸ್ಟಿಕ್, ಸ್ಯಾಟಲೈಟ್, ಶಾಂತಿನಗರ, ಯಶವಂತಪುರ, ಎಲ್ಲಿಯೂ ಕಾಲಿಡಲು ಜಾಗವಿರುವುದಿಲ್ಲ. ತುಮಕೂರು ರಸ್ತೆಯಲ್ಲಿ ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟಲು ತಾಸುಗಟ್ಟಲೆ ಬೇಕು. ಇದೆಲ್ಲದರ ಜೊತೆಗೆ ಹಬ್ಬದಿಂದ ಹಬ್ಬಕ್ಕೆ ತಪ್ಪದೇ ಬರುವ ಸುದ್ದಿ ಇನ್ನೊಂದಿದೆ: ಖಾಸಗಿ ಬಸ್ ದರ ದುಪ್ಪಟ್ಟು, ಕೆಲವು ಮಾರ್ಗಗಳಲ್ಲಿ ಮೂರು ಪಟ್ಟು.

ಸಾಮಾನ್ಯ ದಿನಗಳಲ್ಲಿ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ ಹುಬ್ಬಳ್ಳಿ ಅಥವಾ ಮಂಗಳೂರಿನ ಸ್ಲೀಪರ್ ಬರ್ತು ಹಬ್ಬದ ಹಿಂದಿನ ರಾತ್ರಿ ಎರಡು ಸಾವಿರ ದಾಟುತ್ತದೆ. ಕಲಬುರಗಿ, ಬೀದರ್, ಬೆಳಗಾವಿಯಂಥ ದೂರದ ಊರಿನವರ ಪಾಡು ಇನ್ನೂ ಕಷ್ಟ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೋಗಿ ಬರುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅರ್ಧ ತಿಂಗಳ ಸಂಬಳ ಬಸ್ಸಿಗೇ ಕರಗಿರುತ್ತದೆ.

ಇದನ್ನು ವ್ಯಾಪಾರ ಎಂದು ಒಪ್ಪಿಕೊಳ್ಳಲಾಗದು. ಪ್ರಯಾಣಿಕನ ಮುಂದೆ ಬೇರೆ ದಾರಿಯೇ ಇಲ್ಲದ ಹೊತ್ತು ನೋಡಿ ನಡೆಯುವ ಸುಲಿಗೆ ಇದು. ಇದನ್ನು ತಡೆಯುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಅದನ್ನು ಬಳಸದೆ ಕುಳಿತಿರುವುದಕ್ಕೆ ಸಮರ್ಥನೆಯಿಲ್ಲ.

ಸುಲಿಗೆ ಎಂಬ ಮಾತು ಕಟುವಾಯಿತು ಎನ್ನುವವರು ಹಬ್ಬದ ಹಿಂದಿನ ರಾತ್ರಿ ಒಂಬತ್ತರ ಹೊತ್ತಿಗೆ ಆನಂದರಾವ್ ಸರ್ಕಲ್ ಕಡೆ ಹೋಗಿ ನೋಡಬೇಕು. ಟ್ರಾವೆಲ್ಸ್ ಆಫೀಸುಗಳ ಮುಂದಿನ ಫುಟ್‌ಪಾತಿನ ತುಂಬ ಹೊಸ ಬಟ್ಟೆಯ ಕವರುಗಳು, ರಟ್ಟಿನ ಪೆಟ್ಟಿಗೆಗಳು, ಗೋಣಿಚೀಲಗಳು, ಅವುಗಳ ಮೇಲೆಯೇ ನಿದ್ದೆಹೋದ ಮಕ್ಕಳು. ಎಲ್ಲರ ಕೈಯಲ್ಲೂ ಮೊಬೈಲು. ಬೆಳಿಗ್ಗೆ ನೋಡಿದ್ದ ದರ ಮಧ್ಯಾಹ್ನಕ್ಕಿಲ್ಲ, ಮಧ್ಯಾಹ್ನ ಕಂಡದ್ದು ಸಂಜೆಗಿಲ್ಲ. ಕೊನೆಯ ಸಾಲಿನ ಅಪ್ಪರ್ ಬರ್ತು ಒಂದೇ ಉಳಿದಿದ್ದರೆ ಅದಕ್ಕೇ ಎಲ್ಲಕ್ಕಿಂತ ಹೆಚ್ಚು ರೇಟು. ಅದೂ ಸಿಗದವರು ಗೊರಗುಂಟೆಪಾಳ್ಯದಲ್ಲಿ ಬಸ್ಸಿಗೆ ಅಡ್ಡ ನಿಂತು, ಡ್ರೈವರ್ ಕ್ಯಾಬಿನ್ನಿನಲ್ಲಾದರೂ ಕೂರಿಸಿಕೊಳ್ಳಿ ಎಂದು ಕೇಳುತ್ತಾರೆ. ಆ ದುಡ್ಡಿಗೆ ಟಿಕೆಟ್ಟೂ ಇಲ್ಲ, ಲೆಕ್ಕವೂ ಇಲ್ಲ. ಬಸ್ಸಿಗೆ ಏನಾದರೂ ಆದರೆ ಪ್ರಯಾಣಿಕರ ಪಟ್ಟಿಯಲ್ಲಿ ಅವರ ಹೆಸರೂ ಇರುವುದಿಲ್ಲ.

ಮೊದಲೇ ಬುಕ್ ಮಾಡಿಕೊಳ್ಳಬಾರದಿತ್ತೇ ಎಂಬ ಪ್ರಶ್ನೆ ಸುಲಭ. ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ; ಹಬ್ಬದ ದಿನಗಳ ಟಿಕೆಟ್ ಬುಕಿಂಗ್ ತೆರೆದ ಸ್ವಲ್ಪ ಹೊತ್ತಿನಲ್ಲೇ ಖಾಲಿ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವವರಿಗೆ, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರಿಗೆ, ರಾಯಚೂರು, ಯಾದಗಿರಿಯಿಂದ ಬಂದು ಕಟ್ಟಡ ಕೆಲಸ ಮಾಡುವವರಿಗೆ ಎರಡು ತಿಂಗಳು ಮೊದಲು ರಜೆ ಖಾತ್ರಿಯಾಗುವುದಿಲ್ಲ. ರಜೆ ಉಂಟೋ ಇಲ್ಲವೋ ಎಂದು ಅವರಿಗೆ ಗೊತ್ತಾಗುವುದೇ ಹಿಂದಿನ ದಿನ. ಯಾರ ಕೈಯಲ್ಲಿ ದುಡ್ಡು ಕಡಿಮೆಯೋ ಅವರೇ ಅತಿ ಹೆಚ್ಚು ದರ ಕೊಟ್ಟು ಹೋಗಬೇಕಾದ ಸ್ಥಿತಿ ಇದು.

ಸರ್ಕಾರ ಏನು ಮಾಡುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠವಾಗಿದೆ. ಹಬ್ಬಕ್ಕೆ ವಾರವಿರುವಾಗ ಸಾರಿಗೆ ಸಚಿವರಿಂದ ಎಚ್ಚರಿಕೆ ಬರುತ್ತದೆ. 2023ರಿಂದ ಈ ಖಾತೆ ನೋಡಿಕೊಂಡ ರಾಮಲಿಂಗಾ ರೆಡ್ಡಿಯವರೂ ಒಂದಲ್ಲ, ಹಲವು ಸಲ ಎಚ್ಚರಿಸಿದ್ದಾರೆ. ಆರ್‌ಟಿಒ ತಂಡಗಳು ರಸ್ತೆಗಿಳಿಯುತ್ತವೆ, ಒಂದಷ್ಟು ಪ್ರಕರಣ ದಾಖಲಾಗುತ್ತವೆ, ದಂಡ ಬೀಳುತ್ತದೆ. ಮುಂದಿನ ಹಬ್ಬಕ್ಕೆ ಮತ್ತೆ ಅದೇ ದರ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಖಾಸಗಿ ಸ್ಲೀಪರ್ ಬಸ್ಸಿನಲ್ಲಿ ಗರಿಷ್ಠ ಇಷ್ಟೇ ಪಡೆಯಬೇಕು ಎಂಬ ಅಂಕಿ ಕಾಗದದ ಮೇಲೆ ಇಲ್ಲದಿದ್ದಾಗ, ಹೆಚ್ಚು ಪಡೆದಿದ್ದೀರಿ ಎಂದು ಯಾವ ಅಧಿಕಾರಿ ಯಾವ ಬಲದ ಮೇಲೆ ಕೇಸು ಹಾಕಬೇಕು? ಪರ್ಮಿಟ್ ಉಲ್ಲಂಘನೆ, ತೆರಿಗೆ ಬಾಕಿ ಎಂದು ಬೇರೆ ಕಾರಣ ಹುಡುಕಬೇಕಾಗುತ್ತದೆ. ಪ್ರಯಾಣಿಕ ಕೊಟ್ಟ ಹೆಚ್ಚುವರಿ ದುಡ್ಡು ಮಾತ್ರ ವಾಪಸು ಬರುವುದಿಲ್ಲ.

ಕಾನೂನಿನಲ್ಲಿ ದಾರಿಯಿಲ್ಲ ಎಂಬ ಮಾತು ನಿಜವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ಸ್ಪಷ್ಟವಾಗಿದೆ. ಮಜಲು ವಾಹನ, ಒಪ್ಪಂದ ವಾಹನ, ಸರಕು ವಾಹನ ಮೂರಕ್ಕೂ ದರವನ್ನು, ಗರಿಷ್ಠ ಮತ್ತು ಕನಿಷ್ಠ ಮಿತಿ ಸಮೇತ, ನಿಗದಿಪಡಿಸಲು ರಾಜ್ಯ ಸರ್ಕಾರ ನಿರ್ದೇಶನ ಕೊಡಬಹುದು. ರಾತ್ರಿ ಓಡುವ ಬಹುತೇಕ ಖಾಸಗಿ ಸ್ಲೀಪರ್‌ಗಳು ಒಪ್ಪಂದ ವಾಹನದ ಪರ್ಮಿಟ್ ಪಡೆದವು. ಒಂದು ತಂಡ ಇಡೀ ಬಸ್ಸನ್ನು ಒಟ್ಟು ಬಾಡಿಗೆಗೆ ಗೊತ್ತು ಮಾಡಿಕೊಂಡು ಹೋಗಲೆಂದು ಕೊಡುವ ಪರ್ಮಿಟ್ ಅದು. ಒಬ್ಬೊಬ್ಬರಿಗೆ ಬೇರೆ ಬೇರೆ ಟಿಕೆಟ್ ಕೊಡುವುದು, ದಾರಿಯುದ್ದಕ್ಕೂ ಹತ್ತಿಸಿ ಇಳಿಸುವುದು ಅದರಲ್ಲಿ ಇಲ್ಲ. ಆದರೂ ದಶಕಗಳಿಂದ ಅದೇ ನಡೆಯುತ್ತಿದೆ. ಜನರಿಗೆ ಬೇಕಾದ ಸೇವೆ ಎಂದು ಸರ್ಕಾರ ಕಂಡೂ ಕಾಣದಂತಿದೆ. ಸೇವೆ ಅಗತ್ಯ ಎಂಬುದು ಸರಿ. ಹಾಗಿದ್ದರೆ ಅದಕ್ಕೊಂದು ದರದ ಕಟ್ಟುಪಾಡೂ ಅಷ್ಟೇ ಅಗತ್ಯ.

ಉಳಿದ ವಾಹನಗಳಿಗೆ ಈ ಕಟ್ಟುಪಾಡು ಇದ್ದೇ ಇದೆ. ಬೆಂಗಳೂರಿನ ಆಟೊಗೆ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರ ಕಿಲೋಮೀಟರಿಗೆ 18 ಎಂದು ಸರ್ಕಾರವೇ ನಿಗದಿ ಮಾಡಿದೆ. ಟ್ಯಾಕ್ಸಿಗಳಿಗೆ ವಾಹನದ ಬೆಲೆ ನೋಡಿ ಮೂರು ವರ್ಗ ಮಾಡಿ 2024ರಲ್ಲಿ ಏಕರೂಪ ದರ ತಂದವರೂ ಇದೇ ಸಾರಿಗೆ ಇಲಾಖೆಯವರು. ಆ್ಯಪ್ ಆಧಾರಿತ ಕ್ಯಾಬ್‌ಗಳು ದಟ್ಟಣೆಯ ಹೊತ್ತಿನಲ್ಲೂ ಮೂಲ ದರದ ಎರಡು ಪಟ್ಟು ಮೀರಬಾರದು ಎನ್ನುತ್ತದೆ ಕೇಂದ್ರದ 2025ರ ಮಾರ್ಗಸೂಚಿ. ರಾಜಧಾನಿ, ಶತಾಬ್ದಿ ರೈಲುಗಳಿಗೆ 2016ರಲ್ಲಿ ಏರುವ ದರ ಪದ್ಧತಿ ತಂದಾಗಲೂ ಒಂದೂವರೆ ಪಟ್ಟಿಗೆ ಗೆರೆ ಎಳೆಯಲಾಯಿತು. 2025ರ ಡಿಸೆಂಬರ್‌ನಲ್ಲಿ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಟಿಕೆಟ್ ದರ ಗಗನಕ್ಕೇರಿದಾಗ, ಕೇಂದ್ರ ಸರ್ಕಾರ ತಕ್ಷಣ 500 ಕಿಲೋಮೀಟರ್‌ವರೆಗಿನ ಹಾರಾಟಕ್ಕೆ 7,500 ರೂಪಾಯಿ ಮಿತಿ ಹಾಕಿತು. ವಿಮಾನ ಹತ್ತುವವರಿಗೆ ಸಿಕ್ಕ ರಕ್ಷಣೆ ಯಾದಗಿರಿಯ ಬಸ್ ಹತ್ತುವವರಿಗೆ ಏಕಿಲ್ಲ?

ಪಕ್ಕದ ಮಹಾರಾಷ್ಟ್ರ ಈ ಕೆಲಸವನ್ನು ಎಂದೋ ಮಾಡಿ ತೋರಿಸಿದೆ. ಅಲ್ಲಿನ ಸರ್ಕಾರ 2018ರ ಏಪ್ರಿಲ್ 27ರ ಆದೇಶದಲ್ಲಿ, ಹಬ್ಬ ಮತ್ತು ರಜೆಯ ದಿನಗಳಲ್ಲೂ ಖಾಸಗಿ ಒಪ್ಪಂದ ಬಸ್ಸುಗಳು ಎಸ್‌ಟಿ ಎಂದೇ ಹೆಸರಾದ ಅಲ್ಲಿನ ರಾಜ್ಯ ಸಾರಿಗೆ ನಿಗಮದ ದರಕ್ಕಿಂತ ಶೇ 50ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದಿತು. ಅಲ್ಲಿಯೂ ಗಣೇಶನ ಹಬ್ಬಕ್ಕೆ ಕೊಂಕಣದ ಕಡೆ ಹೊರಡುವವರಿಂದ ದೂರುಗಳು ಬರುತ್ತಲೇ ಇವೆ, ಜಾರಿಯಲ್ಲಿ ಲೋಪಗಳಿವೆ. ಆದರೆ ದೂರು ಕೊಡುವ ಪ್ರಯಾಣಿಕನ ಕೈಯಲ್ಲಿ ಒಂದು ಅಂಕಿ ಇದೆ. ಕರ್ನಾಟಕದ ಪ್ರಯಾಣಿಕನಿಗೆ ಅದೂ ಇಲ್ಲ.

ಬಸ್ ಮಾಲೀಕರ ಮಾತನ್ನೂ ಕೇಳಬೇಕು. ಅವರದ್ದೂ ಕಷ್ಟದ ಕಸುಬು. ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ತೆರಿಗೆ, ಡೀಸೆಲ್, ಟೋಲ್, ಸಾಲದ ಕಂತು ಎಲ್ಲವೂ ಇವೆ. ಹಬ್ಬಕ್ಕೆ ಊರಿಗೆ ತುಂಬಿಕೊಂಡು ಹೋದ ಬಸ್ಸು ಖಾಲಿ ವಾಪಸು ಬರಬೇಕು, ವರ್ಷದ ಉಳಿದ ದಿನಗಳಲ್ಲಿ ಅರ್ಧ ಸೀಟು ತುಂಬುವುದೂ ಕಷ್ಟ ಎನ್ನುತ್ತಾರೆ. ಅದು ಸತ್ಯ. ಆದರೆ ಲೆಕ್ಕ ಹಾಕಿ ನೋಡಿದರೆ, ಖಾಲಿ ಬರುವ ಟ್ರಿಪ್ಪಿನ ಇಡೀ ಖರ್ಚನ್ನು ಹೋಗುವವನ ತಲೆಗೆ ಕಟ್ಟಿದರೂ ದರ ದುಪ್ಪಟ್ಟು ಮೀರಲು ಕಾರಣವಿಲ್ಲ. ಅರ್ಧ ತುಂಬಿದ ಬಸ್ಸಿಗೇ ಹೊಂದಿಸಿದ ದರದಲ್ಲಿ ಇಡೀ ಬಸ್ಸು ತುಂಬಿದಾಗಲೇ ಆದಾಯ ಏರಿರುತ್ತದೆ. ರಜೆ ಮುಗಿದ ಭಾನುವಾರ ರಾತ್ರಿ ಅದೇ ಬಸ್ಸು ಊರಿಂದ ಬೆಂಗಳೂರಿಗೆ ಮತ್ತೆ ತುಂಬಿ ಬರುತ್ತದೆ, ಆಗಲೂ ಹಬ್ಬದ ದರವೇ. ಮೂರು ಪಟ್ಟಿಗೆ ಯಾವ ಡೀಸೆಲ್ ಲೆಕ್ಕವೂ ಹೊಂದುವುದಿಲ್ಲ.

ಇನ್ನು ಸರ್ಕಾರದ ಬಸ್ಸು. ಹಬ್ಬಕ್ಕೆ ಕೆಎಸ್‌ಆರ್‌ಟಿಸಿ ಎರಡು ಸಾವಿರಕ್ಕೂ ಹೆಚ್ಚು ವಿಶೇಷ ಬಸ್ ಬಿಡುತ್ತದೆ. ನಾಲ್ಕು ಅಥವಾ ಹೆಚ್ಚು ಜನರ ಟಿಕೆಟ್ ಒಟ್ಟಿಗೆ ಕಾಯ್ದಿರಿಸಿದರೆ ಶೇ 5, ಹೋಗುವ ಬರುವ ಟಿಕೆಟ್ ಒಟ್ಟಿಗೆ ಕೊಂಡರೆ ಶೇ 10 ರಿಯಾಯಿತಿ ಕೊಡುತ್ತದೆ. ಕೆಲವು ಸೇವೆಗಳಲ್ಲಿ ನಿಗಮವೂ ಹಬ್ಬಕ್ಕೆ ಒಂದಿಷ್ಟು ದರ ಏರಿಸುವುದುಂಟು; ಅದೂ ಸಲ್ಲದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಮಹಿಳೆಯರಿಗೆ ದೊಡ್ಡ ಆಸರೆ. ಆದರೆ ಅದು ಕೆಂಪು ಬಸ್ಸಿಗಷ್ಟೇ, ರಾಜಹಂಸಕ್ಕಾಗಲೀ ಸ್ಲೀಪರ್‌ಗಾಗಲೀ ಅನ್ವಯಿಸುವುದಿಲ್ಲ. ಮಗುವನ್ನು ಎತ್ತಿಕೊಂಡು ರಾತ್ರಿಯಿಡೀ ನಿಂತೇ ಹೋಗಲಾಗದ ತಾಯಿ ಕೊನೆಗೆ ಖಾಸಗಿ ಬಸ್ಸಿನ ದರವನ್ನೇ ಕೊಡುತ್ತಾಳೆ.

ಖಾಸಗಿಯವರ ಮೇಲಿನ ಈ ಅವಲಂಬನೆಗೂ ಒಂದು ಚರಿತ್ರೆ ಇದೆ. ದೇವರಾಜ ಅರಸು ಸರ್ಕಾರ 1976ರಲ್ಲಿ ಕಾಯ್ದೆ ತಂದು ಒಪ್ಪಂದ ಬಸ್ಸುಗಳನ್ನೇ ಸ್ವಾಧೀನಕ್ಕೆ ತೆಗೆದುಕೊಂಡಿತ್ತು. 1977ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಕಾಯ್ದೆಯನ್ನು ರದ್ದುಪಡಿಸಿದ್ದು 2003ರಲ್ಲಿ. ಮತ್ತೆ ಆ ಕಾಲಕ್ಕೆ ಹೋಗಬೇಕೆಂದು ಯಾರೂ ಕೇಳುತ್ತಿಲ್ಲ. ಬಸ್ಸುಗಳನ್ನೇ ವಶಕ್ಕೆ ಪಡೆಯುವ ಧೈರ್ಯವಿದ್ದ ರಾಜ್ಯದಲ್ಲಿ ಇಂದು ದರಕ್ಕೊಂದು ಮಿತಿ ಬರೆಯಲೂ ಹಿಂಜರಿಕೆ ಏಕೆ ಎಂಬುದಷ್ಟೇ ಪ್ರಶ್ನೆ.

ಸಾಲು ರಜೆ ದಿಢೀರನೆ ಬಂದೆರಗುವ ವಿಪತ್ತಲ್ಲ. ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿಯನ್ನು ಸರ್ಕಾರವೇ ವರ್ಷ ತಿರುಗುವ ಮೊದಲು ಪ್ರಕಟಿಸುತ್ತದೆ. ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಊರಿಂದ ಮರಳುವವರಿಗೆ ಅನುಕೂಲವಾಗಲೆಂದು ನಮ್ಮ ಮೆಟ್ರೊ 2025ರ ಜನವರಿಯಿಂದ ಸೋಮವಾರಗಳಂದು ಬೆಳಗಿನ 4.15ಕ್ಕೇ ಓಡಾಟ ಶುರುಮಾಡಿತು. ಇನ್ನೊಂದು ಕಡೆ, ಉತ್ತರದ ಜಿಲ್ಲೆಗಳ ಬಸ್ಸುಗಳಿಗಾಗಿ ಕಟ್ಟಿ 2014ರಲ್ಲಿ ಉದ್ಘಾಟಿಸಿದ ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣ ಮಾತ್ರ ಉದ್ದೇಶಿಸಿದಂತೆ ಬಳಕೆಗೆ ಬರಲೇ ಇಲ್ಲ.

ಆಗಬೇಕಾದ್ದು ಇಷ್ಟು. 67ನೇ ಸೆಕ್ಷನ್ ಅಡಿ ಅಧಿಸೂಚನೆ ಹೊರಡಿಸಿ, ನಿಗಮದ ಅದೇ ದರ್ಜೆಯ ಬಸ್ಸಿನ ದರದ ಒಂದೂವರೆ ಪಟ್ಟನ್ನು ಗರಿಷ್ಠ ಮಿತಿಯಾಗಿ ಗೊತ್ತುಪಡಿಸಬೇಕು. ಟಿಕೆಟ್ ಮಾರುವ ಆ್ಯಪ್‌ಗಳು ಆ ಮಿತಿಯನ್ನು ದರದ ಪಕ್ಕದಲ್ಲೇ ತೋರಿಸಬೇಕು. ಮಿತಿ ಮೀರಿ ಪಡೆದ ಹಣ ಪ್ರಯಾಣಿಕನ ಖಾತೆಗೆ ಮರಳಬೇಕು. ದಂಡ ಸರ್ಕಾರದ ಖಜಾನೆಗೆ ಹೋದರೆ ಅವನಿಗೇನೂ ದಕ್ಕುವುದಿಲ್ಲ. ಹೊರರಾಜ್ಯದಲ್ಲಿ ನೋಂದಣಿಯಾಗಿ ಅಖಿಲ ಭಾರತ ಪ್ರವಾಸಿ ಪರ್ಮಿಟ್‌ನಲ್ಲಿ ಓಡುವ ಬಸ್ಸುಗಳ ವಿಷಯದಲ್ಲಿ ತಕರಾರು ಎದ್ದರೆ ಕೇಂದ್ರದೊಂದಿಗೆ ಮಾತಾಡಲಿ. ಬೆಂಗಳೂರಲ್ಲಿ ಹೊರಟು ಬೀದರ್‌ನಲ್ಲಿ ನಿಲ್ಲುವ ರಾಜ್ಯದ ಪರ್ಮಿಟ್ಟಿನ ಬಸ್ಸಿಗೆ ಆ ಕಾಯುವಿಕೆ ಬೇಕಿಲ್ಲ.

2026ರ ಗಣೇಶ ಚತುರ್ಥಿ ಸೆಪ್ಟೆಂಬರ್ 14ರ ಸೋಮವಾರ. ಅಂದರೆ ಊರಿಗೆ ಹೊರಡುವ ಜನ 11ರ ಶುಕ್ರವಾರ ಸಂಜೆಯೇ ರಸ್ತೆಯಲ್ಲಿರುತ್ತಾರೆ. ಸಾರಿಗೆ ಇಲಾಖೆ ಕರಡು ಪ್ರಕಟಿಸಿ, ಮಾಲೀಕರ ಮತ್ತು ಪ್ರಯಾಣಿಕರ ಆಕ್ಷೇಪಣೆಗಳನ್ನು ಕೇಳಿ, ಆ ಶುಕ್ರವಾರದ ಮೊದಲೇ ದರದ ಪಟ್ಟಿಯನ್ನು ಪ್ರತಿಯೊಂದು ಟ್ರಾವೆಲ್ಸ್ ಆಫೀಸಿನ ಗೋಡೆಗೆ ಅಂಟಿಸುವಂತೆ ಮಾಡಬೇಕು.